ಒದ್ದೆ ದೋಣಿಗೆ ಎಂಎಸ್ ಪಾಲಿಮರ್ ಸೀಲೆಂಟ್

ಆಲಮಟ್ಟಿ ಹಿನ್ನೀರು ತುಂಬಿದಾಗ ದೋಣಿಯನ್ನು ದಡಕ್ಕೆ ಎಳೆದು ವಾರಗಟ್ಟಲೆ ಒಣಗಿಸಲು ಆಗುವುದಿಲ್ಲ. ದುಡಿಮೆಯೇ ಆಗ ಅಲ್ವಾ! ಅದಕ್ಕೇ ಬಾಗಲಕೋಟೆ ಕಡೆಯ ದೋಣಿಯವರಿಗೆ ನಾನು ಹೇಳುವುದಿಷ್ಟೇ: ಸೋರಿಕೆ ಮುಚ್ಚಲು ಬಾತ್‌ರೂಮಿನ ಸಿಲಿಕಾನ್ ಬಿಡಿ, ಎಂಎಸ್ ಪಾಲಿಮರ್ (ಸಂದು ಮುಚ್ಚುವ, ರಬ್ಬರಿನಂತೆ ಗಟ್ಟಿಯಾಗುವ ಅಂಟು) ಟ್ಯೂಬ್ ತೆಗೆದುಕೊಳ್ಳಿ.

ನಮ್ಮ ಫೈಬರ್ ದೋಣಿಯ ಅಂಚುಪಟ್ಟಿಯ ಸ್ಕ್ರೂ ತೂತುಗಳಲ್ಲಿ ನೀರು ಜಿನುಗುತ್ತಿತ್ತು. ಸಿಲಿಕಾನ್ ಒದ್ದೆ ಜಾಗಕ್ಕೆ ಸರಿಯಾಗಿ ಹಿಡಿಯುವುದಿಲ್ಲ. ಉಗುರು ಹಾಕಿದರೆ ಉದ್ದಕ್ಕೆ ಪಟ್ಟಿಯಾಗಿ ಎದ್ದು ಬರುತ್ತದೆ. ಅದರ ಮೇಲೆ ಪೇಂಟೂ ನಿಲ್ಲುವುದಿಲ್ಲ. ಎಂಎಸ್ ಪಾಲಿಮರ್ ತುಸು ತೇವವಿದ್ದರೂ ಕಚ್ಚಿಕೊಳ್ಳುತ್ತದೆ, ಪೇಂಟನ್ನೂ ಹಿಡಿಯುತ್ತದೆ.

ಹಾಗಂತ ನೀರು ನಿಂತ ಕಡೆ ಸುಮ್ನೆ ಮೆತ್ತಬೇಡಿ. ಹಳೆಯ ಸಿಲಿಕಾನ್, ಪಾಚಿ ಎಲ್ಲ ಕೆರೆದು, ಬಟ್ಟೆಯಿಂದ ಚೆನ್ನಾಗಿ ಒರೆಸಿ, ಆಮೇಲೆ ಟ್ಯೂಬ್ ಹಾಕಿದ ಗನ್ ಒತ್ತಿ. ಸ್ಕ್ರೂವನ್ನು ಒಂದೇ ಸಲ ಪೂರ್ತಿ ಬಿಗಿ ಮಾಡಿದರೆ ಸೀಲೆಂಟ್ ಎಲ್ಲಾ ಹೊರಗೆ ಬಂದುಬಿಡುತ್ತದೆ. ಸುತ್ತಲೂ ಒಂಚೂರು ಇಣುಕಿದರೆ ಸಾಕು, ನಿಲ್ಲಿಸಿ. ದಿನಕ್ಕೆ ಸುಮಾರು 2–3 ಮಿಲಿಮೀಟರ್ ಆಳಕ್ಕೆ ಮಾತ್ರ ಗಟ್ಟಿಯಾಗುತ್ತದೆ, ಅವಸರ ಬೇಡ.

ಬೆಲೆ ಸಿಲಿಕಾನ್‌ಗಿಂತ ಜಾಸ್ತಿಯೇ. ಆದರೂ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಕೊಳ್ಳುವಾಗ ಎರಡು ನೋಡಿ: ನೀರಿನೊಳಗೆ ಬಳಸಬಹುದು ಎಂದು ಟ್ಯೂಬಿನ ಮೇಲೆ ಬರೆದಿದೆಯೇ, ಅವಧಿ ಮುಗಿದಿಲ್ಲವೇ.