ಮೂರು ವರ್ಷದಿಂದ ಗುಂಯ್‌ಗುಡುತ್ತಿರುವ ನಮ್ಮ ಲೇಸರ್ ಪೆಟ್ಟಿಗೆ

ಮೈಕ್ರೋಸ್ಕೋಪಿಗೆ ಬೆಳಕು ಕೊಡುವ ನಮ್ಮ ಲ್ಯಾಬಿನ ಲೇಸರ್ ಪೆಟ್ಟಿಗೆಗೆ ಕಂಪನಿ ಇಲ್ಲ, ವಾರಂಟಿ ಇಲ್ಲ, ಕೆಟ್ಟರೆ ಫೋನ್ ಎತ್ತುವವರೂ ಇಲ್ಲ. ಆಗ ಜರ್ಮನಿಯ ಹೈಡಲ್‌ಬರ್ಗಿನ ಇಎಂಬಿಎಲ್ ಎಂಬ ಜೀವಶಾಸ್ತ್ರ ಸಂಶೋಧನಾ ಸಂಸ್ಥೆಯಲ್ಲಿದ್ದ ರೀಸ್ ಲ್ಯಾಬಿನವರು 2020ರಲ್ಲಿ ಪ್ರಕಟಿಸಿದ ಓಪನ್ ಸೋರ್ಸ್ ವಿನ್ಯಾಸ ಇದು. ಬಿಡಿಭಾಗಗಳ ಪಟ್ಟಿ, ಕ್ಯಾಡ್ ಡ್ರಾಯಿಂಗ್, ಜೋಡಿಸುವ ವಿವರ ಎಲ್ಲ ಪುಕ್ಕಟೆ. ಸಾಮಾನು, ಬೆವರು ನಮ್ಮದು. ಬೆಂಗಳೂರಿನಲ್ಲಿ ಕಟ್ಟಿ ಮೂರು ವರ್ಷ ಆಯಿತು.

ಒಳಗಿರುವುದು 405, 488, 640 ನ್ಯಾನೊಮೀಟರಿನ ಡಯೋಡ್ ಲೇಸರ್‌ಗಳು. ಬೇಕಾದವರು 561 ಸೇರಿಸಿಕೊಳ್ಳಬಹುದು. ಕೆಂಪಗೆ ಹೊಳೆಯುವ ಎಂಚೆರಿ ಪ್ರೋಟೀನ್ ನೋಡುವ ನಮಗೆ ಅದು ಬೇಕೇ ಬೇಕಿತ್ತು. ಹಸಿರು-ಹಳದಿಗೆ ಅಗ್ಗದ ಡಯೋಡ್ ಸಿಗುವುದಿಲ್ಲ, ಹಾಗಾಗಿ ಉಳಿಸಿದ ದುಡ್ಡಿನಲ್ಲಿ ದೊಡ್ಡ ಪಾಲು ಅದಕ್ಕೇ ಹೋಯಿತು.

ಎರಡು ತಿಂಗಳಲ್ಲಿ ಮುಗಿಸ್ತೀನಿ ಅಂತ ಗೈಡ್‌ಗೆ ಹೇಳಿದ್ದೆ. ಏಳು ತಿಂಗಳು ಹಿಡಿಯಿತು. ತಳದ ಪ್ಲೇಟನ್ನು ಪೀಣ್ಯದಲ್ಲಿ ಮಾಡಿಸಿದೆವು, ಸ್ವಿಚ್ಚು ವೈರು ಎಸ್‌ಪಿ ರೋಡಿನಿಂದ ಬಂತು, ಕನ್ನಡಿಗಳು ಕಸ್ಟಮ್ಸ್‌ನಲ್ಲಿ ಕೂತವು. ಮೊದಲ ನೀಲಿ ಡಯೋಡನ್ನು ನಾನೇ ಕೊಂದೆ. ಕೈಗೆ ಅರ್ತ್ ಪಟ್ಟಿ ಕಟ್ಟದೆ ಮುಟ್ಟಿದ್ದೆ. ಮೈಮೇಲಿನ ಸ್ಟ್ಯಾಟಿಕ್ ಕರೆಂಟ್ ಸಾಕು, ಅದರ ಕಥೆ ಮುಗೀತು.

ಆದರೆ ಒಮ್ಮೆ ಕೂತ ಮೇಲೆ ಅಲೈನ್‌ಮೆಂಟ್, ಅಂದರೆ ಬೆಳಕು ಫೈಬರಿನ ಬಾಯಿಗೆ ಸರಿಯಾಗಿ ಬೀಳುವ ಜೋಡಣೆ, ಅಲ್ಲಾಡಿದ್ದೇ ಕಡಿಮೆ. ಪೆಟ್ಟಿಗೆಯಿಂದ ಮೈಕ್ರೋಸ್ಕೋಪಿಗೆ ಬೆಳಕು ಹೋಗುವುದು ಈ ಗಾಜಿನ ಎಳೆಯಲ್ಲೇ. ಸಿಂಗಲ್ ಮೋಡ್ ಫೈಬರಿನಲ್ಲಿ ಬೆಳಕು ಹೋಗುವ ದಾರಿ ಮೂರ್ನಾಲ್ಕು ಮೈಕ್ರಾನ್ ಅಷ್ಟೇ. ರಾತ್ರಿ ಎಸಿ ಆಫ್ ಮಾಡಿದರೆ ಬೆಳಿಗ್ಗೆ ಮತ್ತೆ ಸ್ಕ್ರೂ ತಿರುಗಿಸುತ್ತಾ ಕೂರಬೇಕು. ನಮ್ಮ ಪೆಟ್ಟಿಗೆಯಲ್ಲಿರುವುದು ಅಗಲ ದಾರಿಯ ಮಲ್ಟಿಮೋಡ್ ಫೈಬರ್. ನಾವು ಹಾಕಿರುವುದು 105 ಮೈಕ್ರಾನಿನದು, ಬೆಳಕು ಸ್ವಲ್ಪ ಜರುಗಿದರೂ ಒಳಗೇ ಬೀಳುತ್ತದೆ. ಚಿತ್ರದ ನಡುವೆ ಎಷ್ಟು ಬೆಳಕೋ ಅಂಚಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಅಲೆಕ್ಸಾ 647 ಎಂಬ ಬಣ್ಣ ಹಾಕಿ, ಅದರ ಅಣುಗಳು ಮಿನುಗುವುದನ್ನು ಒಂದೊಂದಾಗಿ ಹಿಡಿದು ಅತಿ ಸೂಕ್ಷ್ಮ ಚಿತ್ರ ಕಟ್ಟುವ ಸೂಪರ್ ರೆಸಲ್ಯೂಷನ್ ಮಾಡುವವರಿಗೆ ಇದು ದೊಡ್ಡ ವಿಷಯ. ಅಂಚಿನ ಅಣುಗಳೂ ನಡುವಿನವುಗಳ ಹಾಗೇ ಮಿನುಗಬೇಕಲ್ವಾ?

ತೊಂದರೆ ಅಂದ್ರೆ ಸ್ಪೆಕಲ್. ಇಂಥ ಫೈಬರಿನಲ್ಲಿ ಬೆಳಕು ಸಾವಿರಾರು ದಾರಿ ಹಿಡಿದು ಬಂದು, ಒಂದರ ಮೇಲೊಂದು ಬಿದ್ದು, ಚಿತ್ರದ ಮೇಲೆ ರವೆ ಚೆಲ್ಲಿದ ಹಾಗೆ ಕಾಣುತ್ತದೆ. ಅದಕ್ಕೆ ಫೈಬರನ್ನು ಒಂದು ಪುಟ್ಟ ಮೋಟಾರ್ ಸದಾ ನಡುಗಿಸುತ್ತಿರಬೇಕು. ರವೆ ಜಾಗ ಬದಲಿಸುತ್ತಾ ಒಂದೇ ಫ್ರೇಮಿನೊಳಗೆ ಕಲಸಿಹೋಗುತ್ತದೆ. ತೀರಾ ಚಿಕ್ಕ ಎಕ್ಸ್‌ಪೋಷರ್ ಇಟ್ಟರೆ ಪೂರ್ತಿ ಕಲಸುವುದಿಲ್ಲ. ವೇಗದ ವಿಡಿಯೋ ತೆಗೆಯುವವರು ಇದನ್ನು ಮೊದಲೇ ಯೋಚಿಸಿ. ಗಾಜಿಗೆ ತಾಗಿದ ತೆಳು ಪದರವನ್ನಷ್ಟೇ ಬೆಳಗಿಸುವ ಟರ್ಫ್ (TIRF) ಬೇಕು ಅನ್ನುವವರಿಗಂತೂ ಇದು ಬೇಡವೇ ಬೇಡ. ಮಲ್ಟಿಮೋಡ್ ಬೆಳಕು ಅದಕ್ಕೆ ಬೇಕಾದಷ್ಟು ಸಣ್ಣ ಚುಕ್ಕೆಯಾಗಿ ಕೂಡುವುದಿಲ್ಲ, ಅದಕ್ಕೆ ಸಿಂಗಲ್ ಮೋಡ್ ಫೈಬರೇ ಸರಿ.

ಎರಡನೇ ಬೇಸಿಗೆಯಲ್ಲಿ ಕೆಂಪು ಡಯೋಡ್ ಸೊರಗಿತು. ಕೆಂಪಿಗೆ ಬಿಸಿ ಆಗಿಬರುವುದಿಲ್ಲ. ಫ್ಯಾನಿಗೆ ಧೂಳು ಕಟ್ಟಿದ್ದನ್ನು ನಾವು ನೋಡಿರಲಿಲ್ಲ. ಹೊಸ ಡಯೋಡ್ ಮೊದಲೇ ತರಿಸಿ ಇಟ್ಟಿದ್ದೆ. ಮಧ್ಯಾಹ್ನ ಊಟ ಮುಗಿಸಿ ಬಿಚ್ಚಿದೆ, ಸಂಜೆ ಕಾಫಿ ಹೊತ್ತಿಗೆ ಬೆಳಕು ಬಂತು. ಹಿಂದೆ ನಮ್ಮಲ್ಲಿದ್ದ, ಕಂಪನಿಯ ಮುಚ್ಚಿದ ಪೆಟ್ಟಿಗೆ ಕೆಟ್ಟಾಗ ವಿದೇಶಕ್ಕೆ ಕಳಿಸಿ ನಾಲ್ಕು ತಿಂಗಳು ಕಾದಿದ್ದೆವು. ಏಳು ತಿಂಗಳ ಸಿಟ್ಟು ಅವತ್ತು ಇಳಿಯಿತು.

ಇನ್ನೊಂದು ಮಾತು. ಇಷ್ಟು ಪವರಿನ ಲೇಸರ್ ಕಣ್ಣನ್ನು ಕ್ಷಣದಲ್ಲಿ ಸುಡುತ್ತದೆ. ಮುಚ್ಚಳ ತೆಗೆದರೆ ತಾನೇ ಆಫ್ ಆಗುವ ಇಂಟರ್‌ಲಾಕ್ ಇಲ್ಲದೆ ಇದನ್ನು ಆನ್ ಮಾಡಲೇಬೇಡಿ. ಆ ಬಣ್ಣಕ್ಕೆ ತಕ್ಕ ಕನ್ನಡಕವೂ ಬೇಕು.

ಹೋದ ತಿಂಗಳು ಹೊಸದಾಗಿ ಸೇರಿದ ಹುಡುಗನ ಚಿತ್ರಗಳಲ್ಲೆಲ್ಲ ರವೆ. ಎರಡು ದಿನ ಸ್ಯಾಂಪಲ್ಲನ್ನೇ ಬೈದುಕೊಂಡ. ನಾನು ಕೋಣೆಗೆ ಹೋದರೆ ಮೌನ. ಗುಂಯ್ ಅನ್ನುವ ಸದ್ದೇ ಇಲ್ಲ. ಕೇಳಿದರೆ, "ಕಿರಿಕಿರಿ ಆಗ್ತಿತ್ತು ಅಕ್ಕಾ, ಮೋಟಾರ್ ವೈರು ತೆಗೆದಿಟ್ಟೆ" ಅಂದ. ಈಗ ಪೆಟ್ಟಿಗೆ ಮೇಲೆ ಅವನ ಕೈಬರಹದಲ್ಲೇ ಒಂದು ಚೀಟಿ ಇದೆ: "ಸದ್ದು ನಿಂತರೆ ಅಕ್ಕನಿಗೆ ಹೇಳಿ."