ಹೊಸೂರಿಗೆ ಮನೆ ಬದಲಾಯಿಸುವವರೇ, ಭೋಗ್ಯಕ್ಕೆ ದುಡ್ಡು ಕೊಡುವ ಮುಂಚೆ ಇದನ್ನು ಓದಿ

ಬೊಮ್ಮಸಂದ್ರ, ಚಂದಾಪುರ, ಎಲೆಕ್ಟ್ರಾನಿಕ್ ಸಿಟಿ ಕಡೆ ಕೆಲಸ ಮಾಡುವವರು ಒಬ್ಬರ ಹಿಂದೆ ಒಬ್ಬರು ಗಡಿ ದಾಟಿ ತಮಿಳುನಾಡಿನ ಹೊಸೂರಿಗೆ ಮನೆ ಬದಲಾಯಿಸುತ್ತಿದ್ದಾರೆ. ಬೆಂಗಳೂರಿನ ಬಾಡಿಗೆ ಕೊಟ್ಟು ಬದುಕೋಕೆ ಆಗುತ್ತಿಲ್ಲ, ನಾವೂ ಅದಕ್ಕೇ ಹೋದೆವು. ಊರಿನ ಮೇಲೆ ನನಗೆ ಒಂದು ಚೂರೂ ಬೇಜಾರಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಅಲ್ಲಿ ಬ್ಯಾಂಕಿಗೆ ಅಡವಿಟ್ಟ ಮನೆಗಳನ್ನು ಭೋಗ್ಯಕ್ಕೆ ಕೊಟ್ಟು ದುಡ್ಡು ಎತ್ತುವವರಿದ್ದಾರೆ. ಅವರು ಹುಡುಕುವುದು ನಮ್ಮಂಥವರನ್ನೇ. ಕರ್ನಾಟಕದಿಂದ ಬಂದವರು, ತಮಿಳು ಓದೋಕೆ ಬಾರದವರು, ಆ ರಾಜ್ಯದ ಕಾಗದಪತ್ರದ ಪರಿಚಯ ಇಲ್ಲದವರು.

ನಾವು ಬೊಮ್ಮನಹಳ್ಳಿಯಲ್ಲಿದ್ದೆವು. ನಮ್ಮನೆಯವರ ಕೆಲಸ ಬೊಮ್ಮಸಂದ್ರದ ಫ್ಯಾಕ್ಟರಿಯಲ್ಲಿ. ಬ್ರೋಕರ್ ತೋರಿಸಿದ ಮನೆ ಬಾಗಲೂರು ರಸ್ತೆಯಿಂದ ಸ್ವಲ್ಪ ಒಳಗೆ, ಮೊದಲನೇ ಮಹಡಿ, ಎರಡು ರೂಮು. ಗಾಳಿ ಬೆಳಕು ಚೆನ್ನಾಗಿತ್ತು, ಬಾಲ್ಕನಿಯಲ್ಲಿ ನಿಂತರೆ ಚಂದ್ರಚೂಡೇಶ್ವರನ ಬೆಟ್ಟ ಕಾಣುತ್ತಿತ್ತು. ಮೂರು ವರ್ಷಕ್ಕೆ ಎಂಟು ಲಕ್ಷ ಭೋಗ್ಯ, ತಿಂಗಳ ಬಾಡಿಗೆ ಇಲ್ಲ, ಬಿಡುವಾಗ ಪೂರ್ತಿ ವಾಪಸ್. ಪಿಎಫ್ ತೆಗೆದು, ನನ್ನ ಬಳೆ ಸರ ಅಡವಿಟ್ಟು, ಅಮ್ಮನ ಹತ್ತಿರ ಸ್ವಲ್ಪ ತಗೊಂಡು ಹೊಂದಿಸಿದೆವು. ಎಲ್ಲ ಹಣವನ್ನೂ ಬ್ಯಾಂಕ್ ಮೂಲಕವೇ ಕಳಿಸಿದೆವು.

ಕಾಗದ ಕೇಳಿದೆವು, ಕೊಟ್ಟರು. ಮನೆ ತೆರಿಗೆ ರಸೀದಿ, ಕರೆಂಟ್ ಕಾರ್ಡು, ಪಟ್ಟಾ (ಜಾಗ ಯಾರ ಹೆಸರಲ್ಲಿದೆ ಅಂತ ತೋರಿಸುವ ಅಲ್ಲಿಯ ಸರ್ಕಾರಿ ದಾಖಲೆ), ಇ.ಸಿ. (ಆಸ್ತಿ ಮೇಲೆ ನೋಂದಣಿಯಾದ ಮಾರಾಟ, ಸಾಲ ಏನೇನಿದೆ ಅಂತ ತೋರಿಸುವ ಪತ್ರ), ಎಲ್ಲದರಲ್ಲೂ ಅದೇ ಓನರ್ ಹೆಸರು. ಇ.ಸಿ.ಯಲ್ಲಿ ಯಾವ ಸಾಲವೂ ಇಲ್ಲ. ಅಗ್ರಿಮೆಂಟ್ ಆಗಿದ್ದು ಗಡಿಯ ಕರ್ನಾಟಕದ ಕಡೆ ಇರುವ ಅತ್ತಿಬೆಲೆಯ ಒಂದು ಟೈಪಿಂಗ್ ಅಂಗಡಿಯಲ್ಲಿ, ಕರ್ನಾಟಕದ ಸ್ಟ್ಯಾಂಪ್ ಪೇಪರ್ ಮೇಲೆ, ಕನ್ನಡದಲ್ಲಿ. "ನಿಮಗೆ ಓದೋಕೆ ಅನುಕೂಲ ಆಗಲಿ ಅಂತ ಕನ್ನಡದಲ್ಲೇ ಮಾಡಿಸಿದ್ದೀನಿ ಅಕ್ಕಾ" ಅಂದರು ಬ್ರೋಕರ್. ರಿಜಿಸ್ಟರ್ ಮಾಡಿಸೋಣ ಅಂದಾಗ, ಹೊಸೂರಲ್ಲಿ ಭೋಗ್ಯಕ್ಕೆ ಯಾರೂ ರಿಜಿಸ್ಟರ್ ಮಾಡಿಸೋದಿಲ್ಲ, ಸುಮ್ನೆ ಖರ್ಚು ಅಂತ ಓನರ್, ಬ್ರೋಕರ್ ಇಬ್ಬರೂ ಒಂದೇ ಮಾತು ಹೇಳಿದರು.

ಶುರುವಿನ ತಿಂಗಳುಗಳು ಚೆನ್ನಾಗಿಯೇ ಹೋದವು. ಮಾರ್ಕೆಟ್‌ನಲ್ಲಿ ತರಕಾರಿ, ಹೂವು ಎರಡೂ ಅಗ್ಗ. ಕನ್ನಡ, ತೆಲುಗು, ತಮಿಳು ಮೂರನ್ನೂ ಒಂದೇ ಉಸಿರಲ್ಲಿ ಮಾತಾಡುವ ಜನ. ಎದುರು ಮನೆಯ ಅಕ್ಕನ ಮನೆಮಾತು ಕನ್ನಡವೇ, ತಲೆಮಾರುಗಳಿಂದ ಅಲ್ಲೇ ಇರುವವರು. ಸಾರು ಮಾಡಿದರೆ ಒಂದು ಬಟ್ಟಲು ನಮ್ಮನೆಗೆ ಬರುತ್ತಿತ್ತು.

ಒಂದು ದಿನ ಮಧ್ಯಾಹ್ನ ಬ್ಯಾಂಕಿನವರು ಬಂದರು. ಬೆಲ್ ಒತ್ತಲಿಲ್ಲ. ಬ್ರಷ್‌ನಲ್ಲಿ ಅಂಟು ಬಳಿದು ಗೇಟಿನ ಪಕ್ಕದ ಗೋಡೆಗೆ ಒಂದು ದೊಡ್ಡ ಕಾಗದ ಹಚ್ಚಿದರು, ಅಂಗೈಯಲ್ಲಿ ನಾಲ್ಕು ಮೂಲೆ ಒತ್ತಿದರು, ಮೊಬೈಲಲ್ಲಿ ಫೋಟೋ ತೆಗೆದರು. ನಾನು ಮೆಟ್ಟಿಲಿಳಿದು ಬರುವಷ್ಟರಲ್ಲಿ ಅದರ ಅಂಚಿಂದ ಅಂಟು ಇನ್ನೂ ಇಳಿಯುತ್ತಿತ್ತು. ಅರ್ಧ ಇಂಗ್ಲಿಷ್, ಅರ್ಧ ತಮಿಳು. ಎದುರು ಮನೆಯ ಅಕ್ಕ ಬಂದು ತಮಿಳಿನ ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳುತ್ತಾ ಹೋದರು. ಮನೆ ಮೇಲೆ ಸಾಲ ಇದೆ, ಕಟ್ಟಿಲ್ಲ, ಇವತ್ತಿನಿಂದ ಬ್ಯಾಂಕ್ ಸ್ವಾಧೀನಕ್ಕೆ ತಗೊಂಡಿದೆ, ಈ ಆಸ್ತಿ ಬಗ್ಗೆ ಯಾರೂ ವ್ಯವಹಾರ ಮಾಡಬಾರದು. ನನಗೆ ಕೈಕಾಲು ಆಡಲಿಲ್ಲ. ಆ ಅಕ್ಕನೇ ನನ್ನನ್ನು ಒಳಗೆ ಕರಕೊಂಡು ಹೋಗಿ ಕೂರಿಸಿ ನೀರು ಕೊಟ್ಟರು.

ಆಮೇಲೆ ಗೊತ್ತಾಗಿದ್ದು ಇಷ್ಟು. ನಾವು ಅಗ್ರಿಮೆಂಟ್ ಮಾಡುವುದಕ್ಕೆ ತುಂಬಾ ಮುಂಚೆಯೇ ಓನರ್ ಮನೆಯ ಪತ್ರ ಬ್ಯಾಂಕಿಗೆ ಇಟ್ಟು ಸಾಲ ಎತ್ತಿದ್ದರು. ಕಂತು ನಿಂತಿತ್ತು. ಇಂಥ ಸಾಲಕ್ಕೆ 2002ರ ಸರ್ಫೇಸಿ ಕಾಯ್ದೆ (ಅಡವಿಟ್ಟ ಆಸ್ತಿಯನ್ನು ಬ್ಯಾಂಕ್ ವಶಕ್ಕೆ ತಗೊಂಡು ಸಾಲ ವಸೂಲಿ ಮಾಡುವ ಕಾನೂನು) ಪ್ರಕಾರ ಬ್ಯಾಂಕ್ ಮೊದಲು 60 ದಿನದ ನೋಟಿಸ್ ಕೊಡಬೇಕು. ಆ ನೋಟಿಸ್ ಹೋಗುವುದು ಸಾಲ ತಗೊಂಡವರಿಗೆ, ಮನೆಯಲ್ಲಿ ಇರುವವರಿಗೆ ಅಲ್ಲ. ನೋಟಿಸ್ ಕೈಸೇರಿದ ಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆ ಇಲ್ಲದೆ ಮನೆಯನ್ನು ಯಾರಿಗೂ ಭೋಗ್ಯಕ್ಕೆ ಕೊಡುವ ಹಾಗೇ ಇಲ್ಲ. ನಾವು ಆ ಮನೆಯಲ್ಲಿ ಹಾಲು ಉಕ್ಕಿಸುವ ಹೊತ್ತಿಗೆ ಆ ನೋಟಿಸ್ ಓನರ್ ಕೈಯಲ್ಲಿತ್ತು. ಗೊತ್ತಿದ್ದೂ ಗೊತ್ತಿದ್ದೂ ನಮ್ಮ ಹತ್ತಿರ ಎಂಟು ಲಕ್ಷ ತಗೊಂಡರು. ಈಗಲೂ ಇದನ್ನು ಬರೆಯುವಾಗ ನನಗೆ ಮೈ ಉರಿಯುತ್ತದೆ.

ಹಾಗಾದರೆ ನಮಗೆ ತೋರಿಸಿದ ಇ.ಸಿ.? ಅದು ಅಸಲಿಯೇ. ಮೋಸ ಇದ್ದದ್ದು ಅದರ ಅವಧಿಯಲ್ಲಿ. ಇ.ಸಿ.ಯಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಬರೆದಿರುತ್ತದೆ. ನಮಗೆ ಕೊಟ್ಟಿದ್ದರಲ್ಲಿ ಆ ಕೊನೆಯ ದಿನ ಸಾಲ ಎತ್ತಿದ ದಿನಕ್ಕಿಂತ ಹಿಂದಿನದು. ಸಾಲ ಅದರಲ್ಲಿ ಕಾಣಲು ಸಾಧ್ಯವೇ ಇರಲಿಲ್ಲ. ಲೆಕ್ಕ ಹಾಕಿ ಮಾಡಿದ ಕೆಲಸ ಇದು.

ಓನರ್ ಫೋನ್ ಸ್ವಿಚ್ ಆಫ್. ಬ್ರೋಕರ್, "ನಾನು ಮನೆ ತೋರಿಸಿದ್ದು ಅಷ್ಟೇ, ನಿಮ್ಮಿಬ್ಬರ ವ್ಯವಹಾರ ನನಗೇನು ಗೊತ್ತು" ಅಂದರು. ಪೊಲೀಸ್ ಠಾಣೆಗೆ ಹೋದರೆ, ಗಡಿಯ ಈ ಕಡೆಯವರು ಮನೆ ತಮಿಳುನಾಡಲ್ಲಿದೆ, ಅಲ್ಲಿ ಹೋಗಿ ಅಂದರು. ಆ ಕಡೆಯವರು ಸಹಿ ಹಾಕಿದ್ದು, ದುಡ್ಡು ಕೊಟ್ಟಿದ್ದು ಎಲ್ಲ ಕರ್ನಾಟಕದಲ್ಲಿ, ಅಲ್ಲೇ ಕೊಡಿ ಅಂದರು. ಅತ್ತಿಬೆಲೆಯಲ್ಲಿ ಕೂತು ಅಗ್ರಿಮೆಂಟ್ ಮಾಡಿಸಿದ್ದು ಯಾಕೆ ಅಂತ ಆಗ ಅರ್ಥ ಆಯಿತು. ನಿಮಗೆ ಹೀಗಾದರೆ ಇದು ನೆನಪಿರಲಿ: 2024ರ ಜುಲೈ 1ರಿಂದ ಜಾರಿಯಲ್ಲಿರುವ ಬಿ.ಎನ್.ಎಸ್.ಎಸ್. (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಕಾನೂನಿನ 173ನೇ ಕಲಂ ಪ್ರಕಾರ, ಇಂಥ ಅಪರಾಧ ಎಲ್ಲೇ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ಅದಕ್ಕೆ ಝೀರೋ ಎಫ್‌ಐಆರ್ ಅಂತಾರೆ. ವಕೀಲರು ಅದನ್ನು ಬರೆದುಕೊಟ್ಟ ಮೇಲೆ ನಮ್ಮ ದೂರು ದಾಖಲಾಯಿತು.

ಭೋಗ್ಯವನ್ನೇ ಹಿಡಿಯಬೇಕು ಅಂದರೆ, ಓನರ್ ಕೊಟ್ಟ ಇ.ಸಿ. ನೋಡಿ ಸುಮ್ಮನಾಗಬೇಡಿ. ತಮಿಳುನಾಡು ನೋಂದಣಿ ಇಲಾಖೆಯ ಟಿಎನ್‌ರೆಜಿನೆಟ್ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಇ.ಸಿ. ಪುಕ್ಕಟೆ ನೋಡಬಹುದು. ಹಳ್ಳಿಯ ಹೆಸರು, ಸರ್ವೆ ನಂಬರ್, ಉಪ ನೋಂದಣಿ ಕಚೇರಿ ಗೊತ್ತಿದ್ದರೆ ಸಾಕು. ಅವಧಿಯನ್ನು ನೀವು ದುಡ್ಡು ಕೊಡುವ ಹಿಂದಿನ ದಿನದವರೆಗೂ ಹಾಕಿ. ನಮೂದುಗಳು ಹೆಚ್ಚಾಗಿ ತಮಿಳಿನಲ್ಲಿರುತ್ತವೆ, ಬ್ರೋಕರ್ ಹತ್ತಿರ ಓದಿಸಬೇಡಿ, ಬೇರೆ ಯಾರ ಹತ್ತಿರವಾದರೂ ಓದಿಸಿ. ಪತ್ರ ಬ್ಯಾಂಕಿಗೆ ಇಟ್ಟು ಸಾಲ ಮಾಡಿದ್ದರೆ, ಅಂದರೆ ಡೆಪಾಸಿಟ್ ಆಫ್ ಟೈಟಲ್ ಡೀಡ್ಸ್ ನೋಂದಣಿ ಆಗಿದ್ದರೆ, ಅದು ಅಲ್ಲಿ ಕಾಣುತ್ತದೆ. ಪಟ್ಟಾವನ್ನೂ ಆನ್‌ಲೈನ್‌ನಲ್ಲೇ ನೋಡಬಹುದು. ಮೂಲ ಪತ್ರ ತೋರಿಸಿ ಅಂತ ಕೇಳಿ. ಜೆರಾಕ್ಸ್ ಮಾತ್ರ ಇದೆ, ಒರಿಜಿನಲ್ ಊರಲ್ಲಿದೆ, ಅಣ್ಣನ ಹತ್ತಿರ ಇದೆ ಅಂದರೆ ಅಲ್ಲಿಗೇ ಬಿಟ್ಟುಬಿಡಿ.

ರಿಜಿಸ್ಟರ್ ವಿಷಯ. ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಭೋಗ್ಯವನ್ನು ರಿಜಿಸ್ಟರ್ ಮಾಡಿಸಲೇಬೇಕು, ಇದು ಇಡೀ ದೇಶದ ಕಾನೂನು. ಅದರ ಜೊತೆ ತಮಿಳುನಾಡಲ್ಲಿ 2017ರ ಬಾಡಿಗೆ ಕಾಯ್ದೆ ಇದೆ, 2019ರ ಫೆಬ್ರುವರಿಯಿಂದ ಜಾರಿಯಲ್ಲಿದೆ. ಅದರ ಪ್ರಕಾರ ಬಾಡಿಗೆ ಕರಾರು ಬರವಣಿಗೆಯಲ್ಲೇ ಇರಬೇಕು, ಬಾಡಿಗೆ ಪ್ರಾಧಿಕಾರದಲ್ಲಿ ನೋಂದಣಿ ಆಗಬೇಕು. ಯಾರೂ ಮಾಡಿಸೋದಿಲ್ಲ ಅನ್ನುವ ಮಾತು ಕೇಳಿದರೆ ಎದ್ದು ಬನ್ನಿ. ನಾವು ಬ್ಯಾಂಕಿನ ಅಧಿಕಾರಿ ಮುಂದೆ ಕೂತಾಗ ಅವರು ಮೊದಲು ಕೇಳಿದ್ದೇ ರಿಜಿಸ್ಟರ್ ಆಗಿದೆಯಾ ಅಂತ. ಇಲ್ಲ ಅಂದ ತಕ್ಷಣ ಫೈಲ್ ಮುಚ್ಚಿದರು.

ಗೋಡೆಗೆ ನೋಟಿಸ್ ಬಿದ್ದಿದ್ದರೆ ಒಂದು ದಿನವೂ ಕಾಯಬೇಡಿ. ಮನೆಯಲ್ಲಿ ಇರುವವರೂ ಸಾಲ ವಸೂಲಾತಿ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು, ಆದರೆ ಅದಕ್ಕಿರುವುದು 45 ದಿನ. ಓನರ್ ನಾಳೆ ಬರುತ್ತಾರೆ, ನಾಡಿದ್ದು ಬರುತ್ತಾರೆ ಅಂತ ಬ್ರೋಕರ್ ಆ ದಿನಗಳನ್ನೇ ತಿಂದುಹಾಕುತ್ತಾರೆ.

ಬೇರೆ ವಿಷಯಗಳನ್ನೂ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಇವನ್ನೂ ಯಾರೂ ಮೊದಲೇ ಹೇಳುವುದಿಲ್ಲ.

ಮಕ್ಕಳಿದ್ದರೆ ಸ್ಕೂಲ್ ಬಗ್ಗೆ ಚೆನ್ನಾಗಿ ಯೋಚಿಸಿ. ತಮಿಳುನಾಡಲ್ಲಿ 2006ರ ಕಾನೂನಿನ ಪ್ರಕಾರ 10ನೇ ತರಗತಿವರೆಗೆ ತಮಿಳು ಕಲಿಯಲೇಬೇಕು. ಒಂದನೇ ತರಗತಿಗೆ ಸೇರುವ ಮಗುವಿಗೆ ಅದೇನೂ ಕಷ್ಟ ಅಲ್ಲ. ಆದರೆ ನಮ್ಮ ಮಗಳು ಐದನೇ ಕ್ಲಾಸಿಗೆ ಹೋಗಿ ಅಕ್ಷರದಿಂದ ಶುರು ಮಾಡಬೇಕಾಯಿತು, ರಾತ್ರಿ ಪುಸ್ತಕ ಹಿಡಿದು ಅಳುತ್ತಿದ್ದಳು. ಮುಂದೆ ಕರ್ನಾಟಕದ ಸಿಇಟಿ ಬರೆಸುವ ಆಸೆ ಇದ್ದರೆ, ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿ ಒಳಗೆ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು ಅನ್ನುವುದು ಮುಖ್ಯ ನಿಯಮ. ಗಡಿನಾಡ ಕನ್ನಡಿಗರಿಗೆ ಅಂತ ಬೇರೆ ಅವಕಾಶ ಇದೆ. ಆದರೆ ಅದು ಕೇರಳದ ಕಾಸರಗೋಡು, ಮಂಜೇಶ್ವರ, ಹೊಸದುರ್ಗ ಮತ್ತು ಮಹಾರಾಷ್ಟ್ರದ ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜ್ ತಾಲ್ಲೂಕುಗಳಿಗೆ. ಹೊಸೂರು ಆ ಪಟ್ಟಿಯಲ್ಲಿ ಇಲ್ಲ. ಕನ್ನಡ ಮನೆಮಾತಾಗಿರುವ ಅಷ್ಟು ಜನ ಇರುವ ಊರು ಅದು, ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ.

ಕೆಎ ನಂಬರ್ ಗಾಡಿಯನ್ನು 12 ತಿಂಗಳಿಗಿಂತ ಜಾಸ್ತಿ ಅಲ್ಲಿ ಇಟ್ಟುಕೊಂಡರೆ ತಮಿಳುನಾಡು ನಂಬರ್ ಹಾಕಿಸಬೇಕು, ಅಲ್ಲಿಯ ಟ್ಯಾಕ್ಸ್ ಕಟ್ಟಬೇಕು. ಕರೆಂಟ್ ಬಿಲ್ ಎರಡು ತಿಂಗಳಿಗೊಮ್ಮೆ ಬರುತ್ತದೆ, ಮನೆ ಕನೆಕ್ಷನ್‌ಗೆ ಒಂದಷ್ಟು ಯೂನಿಟ್ ಉಚಿತ. ಸಬ್ ಮೀಟರ್ ಹಾಕಿ ಆ ಉಚಿತ ಯೂನಿಟ್‌ಗೂ ದುಡ್ಡು ಕೇಳುವ ಓನರ್‌ಗಳಿದ್ದಾರೆ, ಬಿಲ್ ಕೇಳಿ ನೋಡಿ. ಮೆಟ್ರೋ ಬಂದೇ ಬಿಟ್ಟಿತು ಅಂತ ಹೇಳಿ ಸೈಟ್ ಮಾರುವವರ ಮಾತು ನಂಬಬೇಡಿ. ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಶುರುವಾಗಿದ್ದು ಬೊಮ್ಮಸಂದ್ರದವರೆಗೆ. ಅಲ್ಲಿಂದ ಮುಂದೆ ಬಸ್ಸು, ಇಲ್ಲ ಸ್ವಂತ ಗಾಡಿ. ಸಂಜೆ ಚಂದಾಪುರ, ಅತ್ತಿಬೆಲೆ ದಾಟುವ ಹೊತ್ತಿಗೆ ಸಾಕುಸಾಕಾಗುತ್ತದೆ.

ನಾವು ಈಗ ಚಂದಾಪುರದಲ್ಲಿ ಸಣ್ಣ ಬಾಡಿಗೆ ಮನೆಯಲ್ಲಿದ್ದೇವೆ. ಕೇಸ್ ನಡೆಯುತ್ತಿದೆ, ದುಡ್ಡು ಒಂದು ರೂಪಾಯಿಯೂ ಬಂದಿಲ್ಲ. ಅದೇ ಬ್ರೋಕರ್ ಈಗಲೂ ಮನೆ ತೋರಿಸುತ್ತಿದ್ದಾರೆ ಅಂತ ಎದುರು ಮನೆಯ ಅಕ್ಕ ಮೊನ್ನೆ ಫೋನ್ ಮಾಡಿ ಹೇಳಿದರು, ಅದಕ್ಕೇ ಇಷ್ಟೆಲ್ಲ ಬರೆದೆ. ಹೊಸೂರಲ್ಲಿ ಮನೆ ನೋಡುತ್ತಿದ್ದೀರಾ, ಇ.ಸಿ. ತೆಗೆಯುವುದು ಹೇಗೆ ಅಂತ ಗೊತ್ತಾಗುತ್ತಿಲ್ಲವಾ? ಸರ್ವೆ ನಂಬರ್ ಇಟ್ಟುಕೊಂಡು ನನ್ನನ್ನು ಕೇಳಿ, ಜೊತೆಗೆ ಕೂತು ತೆಗೆದುಕೊಡುತ್ತೇನೆ. ಅಡ್ವಾನ್ಸ್ ಮಾತ್ರ ಅದಕ್ಕೆ ಮುಂಚೆ ಕೊಡಬೇಡಿ.