ಹಳೇ ಡೆಸ್ಕ್‌ಟಾಪ್‌ಗೆ ಎಸ್‌ಎಸ್‌ಡಿ: ಸಾಟಾ 2 ಪೋರ್ಟೇ ಸಾಕಾ, ಕಾರ್ಡ್ ಬೇಕಾ?

ನನ್ನ ಡೆಸ್ಕ್‌ಟಾಪ್‌ನಲ್ಲಿರುವುದು ಇಂಟೆಲ್ ಎಚ್61 ಚಿಪ್‌ಸೆಟ್‌ನ ಬೋರ್ಡ್, ಎರಡನೇ ತಲೆಮಾರಿನ ಐ5, 8 ಜಿಬಿ ರ‍್ಯಾಮ್. ಪ್ರೊಸೆಸರ್ ಇನ್ನೂ ಗಟ್ಟಿಮುಟ್ಟಾಗಿದೆ. ಸುಸ್ತಾಗಿದ್ದದ್ದು ಹಾರ್ಡ್‌ಡಿಸ್ಕ್. ವಿಂಡೋಸ್ 10 ಆನ್ ಆಗಿ ಎಷ್ಟೋ ಹೊತ್ತಾದರೂ ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ 100% ಅಂತಲೇ ಇರುತ್ತಿತ್ತು. ಓದುತ್ತಿರುವ ವೇಗ ನೋಡಿದರೆ ಸೆಕೆಂಡಿಗೆ ಒಂದು ಎಂಬಿ ಕೂಡ ಇಲ್ಲ!

ಪರಿಹಾರ ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಯ ಬದಲು ಚಿಪ್‌ನಲ್ಲಿ ಡೇಟಾ ಇಡುವ ಡ್ರೈವ್. ಆದರೆ ಡ್ರೈವ್ ಜೋಡಿಸುವ ಸಾಟಾ ಪೋರ್ಟುಗಳಲ್ಲಿ ವೇಗದ ಸಾಟಾ 3 ಈ ಬೋರ್ಡಿನಲ್ಲಿ ಇಲ್ಲ, ಇರುವುದೆಲ್ಲ ಹಳೇ ಸಾಟಾ 2. ಹಾಗಾಗಿ ಇದ್ದ ಪೋರ್ಟಿಗೇ ಎಸ್‌ಎಸ್‌ಡಿ ಹಾಕುವುದು, ಸಾಟಾ 3 ಕಾರ್ಡ್ ಹಾಕುವುದು, ಎನ್‌ವಿಎಂಇ (ಸಾಟಾ ಬಿಟ್ಟು ಬೋರ್ಡಿನ ಕಾರ್ಡ್ ಸ್ಲಾಟ್ ಮೂಲಕ ಓಡುವ, ಇನ್ನೂ ವೇಗದ ಎಸ್‌ಎಸ್‌ಡಿ) ಅಡಾಪ್ಟರ್ ಹಾಕುವುದು, ಮೂರನ್ನೂ ಮಾಡಿ ನೋಡಿದೆ. ಯುಎಸ್‌ಬಿ ವಿಚಾರಕ್ಕೆ ಹೋಗಲಿಲ್ಲ. ಈ ಚಿಪ್‌ಸೆಟ್‌ನಲ್ಲಿರುವುದು ಯುಎಸ್‌ಬಿ 2.0, ಸೆಕೆಂಡಿಗೆ 40 ಎಂಬಿ ದಾಟಿದರೆ ಹೆಚ್ಚು.

ಮೊದಲು ಬೋರ್ಡಿನ ಪೋರ್ಟ್. ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿಗೆ ಬೇಕಾಗುವುದು ಒಂದು ಡೇಟಾ ಕೇಬಲ್, ಪವರ್ ಸಪ್ಲೈಯಿಂದ ಒಂದು ಸಾಟಾ ಪಿನ್, ಅಷ್ಟೇ. ಹಾರ್ಡ್‌ಡಿಸ್ಕಿನ ಸ್ಕ್ರೂ ಇದಕ್ಕೆ ಆಗಲ್ಲ, ಇದರದ್ದು ಸಣ್ಣ ಎಂ3. ಬ್ರಾಕೆಟ್ ಇಲ್ಲದಿದ್ದರೂ ಚಿಂತೆಯಿಲ್ಲ. ಒಳಗೆ ತಿರುಗುವ ಭಾಗವೇ ಇಲ್ಲ, ಹಗುರ ಬೇರೆ. ಡಬಲ್ ಸೈಡ್ ಟೇಪ್ ಹಾಕಿ ಕ್ಯಾಬಿನೆಟ್ ಗೋಡೆಗೆ ಅಂಟಿಸಿದರೂ ನಡೆಯುತ್ತೆ.

ದೊಡ್ಡ ಫೈಲ್ ಓದುವ ವೇಗ ಸೆಕೆಂಡಿಗೆ ಸುಮಾರು 270 ಎಂಬಿಗೆ ನಿಂತಿತು. ಇದೇ ಡ್ರೈವ್ ಸಾಟಾ 3 ಇರುವ ಮೆಷಿನ್‌ನಲ್ಲಿ 550ರ ಹತ್ತಿರ ಕೊಡುತ್ತೆ. ಅರ್ಧ ವೇಗ ವೇಸ್ಟ್ ಆಯ್ತಲ್ಲ ಅನ್ನಿಸುತ್ತೆ, ಅಲ್ವಾ? ಆದರೆ ಕೂತು ಬಳಸಿದಾಗ ಅದು ಲೆಕ್ಕಕ್ಕೇ ಬರಲಿಲ್ಲ. ಕಾರಣ ಹಾರ್ಡ್‌ಡಿಸ್ಕ್ ಕೆಲಸ ಮಾಡುವ ರೀತಿಯಲ್ಲಿದೆ. ನಿಮಿಷಕ್ಕೆ 7200 ಸುತ್ತು ಅಂದರೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್. ಡೇಟಾ ಓದುವ ಹೆಡ್ ಸರಿಯಾದ ಜಾಗಕ್ಕೆ ಹೋಗಬೇಕು, ಆಮೇಲೆ ಸರಾಸರಿ ಅರ್ಧ ಸುತ್ತು ಕಾಯಬೇಕು. ಒಟ್ಟು 12–13 ಮಿಲಿಸೆಕೆಂಡ್. ಸೆಕೆಂಡಿಗೆ 80 ಸಲ ಓದಿದರೆ ಅದೇ ದೊಡ್ಡದು. ಒಂದೊಂದು ಸಲಕ್ಕೆ ಸಿಗುವುದು 4 ಕೆಬಿ ತುಣುಕಾದರೆ ಪೂರ್ತಿ ಸೆಕೆಂಡಿಗೆ 320 ಕೆಬಿ! ವಿಂಡೋಸ್ ಶುರುವಾಗುವಾಗ, ಬ್ರೌಸರ್ ತೆರೆಯುವಾಗ ಕೇಳುವುದು ಬಹುಪಾಲು ಇಂಥ ಚಿಕ್ಕ ತುಣುಕುಗಳನ್ನೇ. ಎಸ್‌ಎಸ್‌ಡಿಗೆ ಅದೇ ಕೆಲಸಕ್ಕೆ 0.1 ಮಿಲಿಸೆಕೆಂಡ್ ಸಾಕು. ಸಾಟಾ 2ರ ಮೇಲೂ 4 ಕೆಬಿ ಪರೀಕ್ಷೆಯಲ್ಲಿ ಸೆಕೆಂಡಿಗೆ 20 ಎಂಬಿ ದಾಟಿತು. ಪೋರ್ಟಿನ ಮಿತಿ ಅದಕ್ಕೆ ತಾಗುವುದೇ ಇಲ್ಲ.

ಸಾಟಾ 3 ಕಾರ್ಡ್ ನನಗೆ ಸುಮ್ನೆ ಅನ್ನಿಸಿತು. ಎಎಸ್‌ಎಂ1061 ಚಿಪ್‌ನ ಎರಡು ಪೋರ್ಟಿನ ಕಾರ್ಡ್, ಪಿಸಿಐಇ ಎಕ್ಸ್1 ಸ್ಲಾಟಿಗೆ (ಕಾರ್ಡ್ ಹಾಕುವ ಚಿಕ್ಕ ಸ್ಲಾಟ್, ಒಂದೇ ಲೇನ್ ಅಂದರೆ ಒಂದೇ ಡೇಟಾ ಹಾದಿ) ಕೂರುತ್ತೆ. ಪಿಸಿಐಇ 2.0ರ ಒಂದು ಲೇನ್ ಹೆಸರಿಗೆ 500 ಎಂಬಿ, ಕೈಗೆ ಸಿಕ್ಕಿದ್ದು 380ರ ಆಸುಪಾಸು. ಚಿಕ್ಕ ತುಣುಕುಗಳಲ್ಲಿ ಬೋರ್ಡಿನ ಪೋರ್ಟಿಗಿಂತ ಸ್ವಲ್ಪ ಹಿಂದೆಯೇ ಬಿತ್ತು. ಮೇಲಾಗಿ ಆನ್ ಮಾಡಿದಾಗಲೆಲ್ಲ ಕಾರ್ಡ್ ತನ್ನದೊಂದು ಸ್ಕ್ರೀನ್ ತೋರಿಸಿ ಕಾಯಿಸುತ್ತೆ. ಪೋರ್ಟ್ ಸಾಲದೇ ಇದ್ದವರಿಗೆ ಸರಿ, ವೇಗಕ್ಕಾಗಿ ಬೇಡ.

ಎನ್‌ವಿಎಂಇ ಕಥೆ ಬೇರೆ. ಗ್ರಾಫಿಕ್ಸ್ ಕಾರ್ಡಿಗೆಂದು ಇರುವ ಉದ್ದದ ಎಕ್ಸ್16 ಸ್ಲಾಟ್ ನನ್ನಲ್ಲಿ ಖಾಲಿ ಇತ್ತು, ಅಡಾಪ್ಟರ್ ಅಲ್ಲಿ ಕೂತಿತು. ನಾಲ್ಕು ಲೇನ್ ಸಿಕ್ಕಿದ್ದರಿಂದ ಸೆಕೆಂಡಿಗೆ 1500 ಎಂಬಿಗಿಂತ ಜಾಸ್ತಿ. ವಿಂಡೋಸ್ 10ರಲ್ಲಿ ಡ್ರೈವರ್ ಇರುವುದರಿಂದ ಡ್ರೈವ್ ತಕ್ಷಣ ಕಾಣಿಸಿತು. ಆದರೆ ಬಯಾಸ್‌ನ (ಆನ್ ಮಾಡಿದಾಗ ಮೊದಲು ಓಡುವ ಬೋರ್ಡಿನ ಪ್ರೋಗ್ರಾಂ) ಬೂಟ್ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ. ಎನ್‌ವಿಎಂಇಯಿಂದ ಬೂಟ್ ಮಾಡುವ ಸೌಲಭ್ಯ ಆ ಕಾಲದ ಬೋರ್ಡ್‌ಗಳಲ್ಲಿ ಇರುವುದಿಲ್ಲ. ಪೆನ್‌ಡ್ರೈವ್‌ನಲ್ಲಿ ಕ್ಲೋವರ್ ಬೂಟ್‌ಲೋಡರ್ (ವಿಂಡೋಸನ್ನು ಶುರುಮಾಡಿಸುವ ಚಿಕ್ಕ ಪ್ರೋಗ್ರಾಂ) ಇಟ್ಟು ಇದನ್ನು ದಾಟಬಹುದು. ಆದರೆ ಆ ಪೆನ್‌ಡ್ರೈವ್ ಯಾವಾಗಲೂ ಚುಚ್ಚಿಕೊಂಡೇ ಇರಬೇಕು. ಯಾರಾದರೂ ಕಿತ್ತರೆ ಮೆಷಿನ್ ಬೂಟ್ ಆಗಲ್ಲ. ಇಷ್ಟೆಲ್ಲ ಮಾಡಿಯೂ ಬ್ರೌಸರ್ ತೆರೆಯುವುದರಲ್ಲಿ ಸಾಟಾ 2ಕ್ಕೂ ಇದಕ್ಕೂ ವ್ಯತ್ಯಾಸ ನನ್ನ ಕಣ್ಣಿಗೆ ಬೀಳಲಿಲ್ಲ. ವಿಡಿಯೋ ಎಡಿಟಿಂಗ್‌ನಂಥ ಕೆಲಸಕ್ಕೆ ಎರಡನೇ ಡ್ರೈವ್ ಆಗಿ ಮಾತ್ರ ಇದು ಚೆಂದ. ಕೊಳ್ಳುವಾಗ ಒಂದು ನೋಡಿಕೊಳ್ಳಿ: ಸಾಟಾ ಮಾದರಿಯ ಎಂ.2 (ಪಟ್ಟಿಯಂಥ ಚಿಕ್ಕ ಆಕಾರದ) ಡ್ರೈವ್ ಈ ಅಡಾಪ್ಟರ್‌ನಲ್ಲಿ ಕೆಲಸ ಮಾಡಲ್ಲ.

ಈಗ ವಿಂಡೋಸ್ ಸಾಟಾ 2 ಪೋರ್ಟಿನ ಎಸ್‌ಎಸ್‌ಡಿಯಲ್ಲಿದೆ, ಹಾರ್ಡ್‌ಡಿಸ್ಕ್ ಫೋಟೋ, ಸಿನಿಮಾಗಳಿಗೆ. ಎಸ್‌ಎಸ್‌ಡಿ ಹಾಕುವ ಮುಂಚೆ ಬಯಾಸ್‌ನಲ್ಲಿ ಸಾಟಾ ಮೋಡ್ ಎಎಚ್‌ಸಿಐ (ಎಸ್‌ಎಸ್‌ಡಿಗೆ ಹೊಂದುವ ಹೊಸ ಮೋಡ್) ಇದೆಯಾ ನೋಡಿ. ಹಳೇ ಮೋಡ್ ಐಡಿಇ ಇದ್ದರೆ ನೇರವಾಗಿ ಬದಲಿಸಬೇಡಿ, ಈಗಾಗಲೇ ಇರುವ ವಿಂಡೋಸ್ ನೀಲಿ ಎರರ್ ಸ್ಕ್ರೀನ್‌ಗೆ ಹೋಗಬಹುದು. ಮೊದಲು ಎಂಎಸ್‌ಕಾನ್ಫಿಗ್‌ನಲ್ಲಿ (ವಿಂಡೋಸ್‌ನ ಬೂಟ್ ಸೆಟ್ಟಿಂಗ್ ಟೂಲ್) ಸೇಫ್ ಬೂಟ್ ಹಾಕಿ, ರೀಸ್ಟಾರ್ಟ್ ಮಾಡುವಾಗ ಬಯಾಸ್‌ನಲ್ಲಿ ಬದಲಿಸಿ, ಸೇಫ್ ಮೋಡ್‌ಗೆ ಬಂದ ಮೇಲೆ ಸೇಫ್ ಬೂಟ್ ತೆಗೆಯಿರಿ. ಹೊಸದಾಗಿ ಇನ್‌ಸ್ಟಾಲ್ ಮಾಡುವವರಿಗೆ ಈ ರಗಳೆ ಇಲ್ಲ. ನಿಮ್ಮದು ಎಚ್67 ಅಥವಾ ಪಿ67 ಬೋರ್ಡ್ ಆಗಿದ್ದರೆ ಇಂಟೆಲ್‌ನದ್ದೇ ಎರಡು ಸಾಟಾ 3 ಪೋರ್ಟ್ ಇರುತ್ತವೆ, ಸಾಮಾನ್ಯವಾಗಿ ಬೇರೆ ಬಣ್ಣದಲ್ಲಿ. ಕೇಬಲ್ ಅಲ್ಲಿಗೇ ಹಾಕಿ.